ತೋಟದಲ್ಲಿ ಹೊರದೇಶದ ಕಂಪನಿಯ ಟ್ರಯಲ್ ಪ್ಲಾಟ್: ಸಹಿ ಹಾಕೋ ಮುಂಚೆ ಏನೇನು ನೋಡ್ಬೇಕು?

ಆಲ್ದೂರು ಅರೇಬಿಕಾ
ಎಲ್ಲರಿಗೂ ನಮಸ್ಕಾರ. ಹೊರದೇಶದ ಕಾಫಿ ಕಂಪನಿಯೊಂದರ ಸಂಶೋಧನಾ ವಿಭಾಗದ ಕರಾರಿನ ಕರಡು ಕೈಯಲ್ಲಿದೆ. ಸಾರಾಂಶ ಇಷ್ಟು: ಒಂದು ಎಕರೆ, 8 ಅರೇಬಿಕಾ ತಳಿ, 5 ವರ್ಷ. ಗಿಡ, ಗೊಬ್ಬರ ಅವರದ್ದು. ಆಳು, ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು), ಕಳೆ, ಕೊಯ್ಲು ತೋಟದವರದ್ದು. ಫಲಿತಾಂಶ ಎಲ್ಲಾ 'ಕಂಪನಿಯ ಪೂರ್ಣ ಸ್ವತ್ತು'. ಎಲೆ, ಹಣ್ಣು, ಮಣ್ಣು, ಹುಳಿಸೋ ತೊಟ್ಟಿಯ ನೀರು 'ಅಗತ್ಯವಿದ್ದಷ್ಟು' ತಗೊಂಡು ಹೋಗ್ತಾರೆ. ಅವಧಿ ಮುಗಿದ್ಮೇಲೆ ಗಿಡ ಕಿತ್ತು ಸುಡಬೇಕು. ಎಕರೆಗೆ ವರ್ಷಕ್ಕೆ ಇಂತಿಷ್ಟು ಅಂತ ಬಾಡಿಗೆ. ಇದರಲ್ಲಿ ಯಾವುದಕ್ಕೆ ಒಪ್ಪಬಹುದು, ಯಾವುದನ್ನ ತಿದ್ದಿಸ್ಬೇಕು? ವಿಷಯ ಗೊತ್ತಿರೋರು ಬಿಡಿಸಿ ಹೇಳಿ.

ಹೇಮಾವತಿ ದಡ
ಫಲಿತಾಂಶ ಅವರದ್ದು, ಜಾಗ ನಮ್ಮದು, ಬೆವರು ನಮ್ಮದು. ಸಹಿ ಹಾಕ್ಬೇಡಿ.

ಬಾಳೆಹೊನ್ನೂರು ದಾರಿ
ಮೊದಲು 5 ವರ್ಷ ಅನ್ನೋದನ್ನ ನೋಡಿ ಅಣ್ಣ. ಜೂನ್ ಮಳೆಗೆ ನೆಟ್ಟ ಅರೇಬಿಕಾ ಮೂರನೇ ವರ್ಷ ನಾಲ್ಕು ಹಣ್ಣು ತೋರಿಸುತ್ತೆ, ಲೆಕ್ಕಕ್ಕೆ ಸಿಗೋ ಫಸಲು ನಾಲ್ಕನೇ ವರ್ಷದಿಂದ. ಅರೇಬಿಕಾ ಒಂದು ವರ್ಷ ಮೈತುಂಬಾ ಕೊಟ್ಟು ಮರುವರ್ಷ ಸುಸ್ತಾಗೋ ಗಿಡ. ಹಂಗಾಗಿ ಇಳುವರಿ ಬಗ್ಗೆ ಮಾತಾಡೋಕೆ ಕನಿಷ್ಠ ನಾಲ್ಕು ಫಸಲು ಬೇಕು. ಅಂದ್ರೆ ಏಳು ವರ್ಷ.

5 ವರ್ಷ ಅಂತ ಬರೆದಿದ್ದಾರೆ ಅಂದ್ರೆ ಅವರು ಹುಡುಕ್ತಿರೋದು ಇಳುವರಿ ಅಲ್ಲ. ಎಲೆ ತುಕ್ಕು ರೋಗನ ಎಷ್ಟು ತಡೆಯುತ್ತೆ, ಗಿಡದ ಬೆಳವಣಿಗೆ ಹೇಗಿದೆ, ನಮ್ಮ ಬೇಸಿಗೆ ತಡ್ಕೊಳ್ಳುತ್ತಾ, ಅಷ್ಟು ಸಾಕು ಅವರಿಗೆ. ಎಲ್ಲಿ ಗಿಡ ಗೆಲ್ಲುತ್ತೆ, ಎಲ್ಲಿ ಸೋಲುತ್ತೆ ಅಂತ ಜರಡಿ ಹಿಡಿಯೋ ಕೆಲಸ ಅದು. ತೋಟದವರಿಗೆ ಬೇಕಾದ ಉತ್ತರ ಆರನೇ, ಏಳನೇ ವರ್ಷಕ್ಕೆ ಬರುತ್ತೆ. ಅಷ್ಟೊತ್ತಿಗೆ ಗಿಡ ಸುಟ್ಟು ಬೂದಿ ಆಗಿರುತ್ತೆ.

ಗಿರಿ ಗಾಳಿ
ಹೇಮಾವತಿಯವರೇ, 'ಸಹಿ ಹಾಕ್ಬೇಡಿ' ಅಂದ್ಬಿಟ್ರೆ ಮುಗಿಯಲ್ಲ. ನಮ್ಮ ತೋಟದಲ್ಲಿ ಇವತ್ತು ನಿಂತಿರೋ ಗಿಡಗಳೇ ಕೊಡು-ಕೊಳ್ಳುವಿಕೆಯಿಂದ ಬಂದಿದ್ದು. ತುಕ್ಕು ತಡೆಯೋ ಗುಣ ಇವತ್ತಿನ ಬಹಳಷ್ಟು ಅರೇಬಿಕಾ ತಳಿಗೆ ಬಂದಿದ್ದು ಟಿಮೋರ್ ದ್ವೀಪದಲ್ಲಿ ತಾನಾಗೇ ಹುಟ್ಟಿದ ಮಿಶ್ರತಳಿಯಿಂದ. ಅದನ್ನ ಪೋರ್ಚುಗಲ್ಲಿನ ಒಯ್ರಾಸ್‌ನಲ್ಲಿ 1955ರಲ್ಲಿ ಶುರುವಾದ ಕಾಫಿ ತುಕ್ಕು ಸಂಶೋಧನಾ ಕೇಂದ್ರ ಬೇರೆ ಬೇರೆ ದೇಶಕ್ಕೆ ಹಂಚಿತು. ಕಾವೇರಿ ತಳಿ ಬಂದಿದ್ದು ಆ ದಾರಿಯಲ್ಲಿ, 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ ತಳಿ ಬಂದಿದ್ದೂ ಅದೇ ದಾರಿಯಲ್ಲಿ.

ನಾವೂ ಕೊಟ್ಟಿದ್ದೀವಿ. ಕೆಂಟ್ ತಳಿ ಇಲ್ಲಿಂದ ಪೂರ್ವ ಆಫ್ರಿಕಾಕ್ಕೆ ಹೋಯ್ತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಎಸ್. 795 ತಳಿ ಇಂಡೋನೇಷ್ಯಾದಲ್ಲಿ 'ಜೆಂಬರ್' ಅನ್ನೋ ಹೆಸರಲ್ಲಿ ಇವತ್ತಿಗೂ ಬೆಳೀತಿದೆ. ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ತಂದ್ರು ಅಂತ ಹೇಳ್ಕೊಂಡು ಬಂದ ಜಿಲ್ಲೆಯವರು ನಾವು, ಬಾಗಿಲು ಹಾಕ್ಕೊಂಡು ಕೂತ್ರೆ ಹೇಗೆ?

ಹೇಮಾವತಿ ದಡ
ನೀವು ಹೇಳಿದ್ರಲ್ಲಿ ಹೆಚ್ಚಿನದು ಸರ್ಕಾರದ ಸಂಸ್ಥೆಗಳು ತಮ್ಮತಮ್ಮಲ್ಲಿ ಕೊಟ್ಟು-ತಗೊಂಡಿದ್ದು. ಬಾಳೆಹೊನ್ನೂರಿನ ಕೇಂದ್ರ 1925ರಲ್ಲಿ ಮೈಸೂರು ಸರ್ಕಾರ ಕಟ್ಟಿದ್ದು. ಎಸ್. 795 ಬೀಜ ಯಾರು ಬೇಕಾದ್ರೂ ತಗೊಂಡು ತಮ್ಮ ತೋಟದಲ್ಲೇ ಮತ್ತೆ ಸಸಿ ಮಾಡ್ಕೊಬಹುದು. ಈ ಕರಾರಿನಲ್ಲಿ ಒಂದು ಹಣ್ಣು ಉಳಿಸ್ಕೊಳ್ಳೋಕೂ ಬಿಡಲ್ಲ. ಎರಡನ್ನೂ ಒಂದೇ ತಕ್ಕಡೀಲಿ ತೂಗ್ಬೇಡಿ.

ಬಾಳೆಹೊನ್ನೂರು ದಾರಿ
ಇದು ಸರಿಯಾದ ಮಾತು. ಇದಕ್ಕೆ ಒಂದು ತಾಂತ್ರಿಕ ಕಾರಣವನ್ನೂ ಸೇರಿಸ್ತೀನಿ. ಕಂಪನಿಗಳು ಈಗ ಹೆಚ್ಚು ಪರೀಕ್ಷೆ ಮಾಡ್ತಿರೋದು ಎಫ್1 ಹೈಬ್ರಿಡ್, ಅಂದ್ರೆ ಎರಡು ಬೇರೆ ತಳಿ ಕೂಡಿಸಿದ ಮೊದಲ ತಲೆಮಾರಿನ ಗಿಡ. ಮಧ್ಯ ಅಮೆರಿಕದ ಸೆಂತ್ರೊಅಮೆರಿಕಾನೊ ಆ ಥರದ್ದು, ರೂಮೆ ಸುಡಾನ್ ಅನ್ನೋ ತಳಿ ಜೊತೆ ಸಾರ್ಚಿಮೋರ್ ಅನ್ನೋ ತಳಿ ಕೂಡಿಸಿದ್ದು. ಅದರ ಬೀಜ ಹಾಕಿದ್ರೆ ಮರಿಗಿಡಗಳು ಒಂದೊಂದು ಒಂದೊಂದು ಥರ ಬರ್ತವೆ, ತಾಯಿಯ ಗುಣ ನಿಲ್ಲಲ್ಲ. ಸಾಮಾನ್ಯವಾಗಿ ಟಿಶ್ಯೂ ಕಲ್ಚರ್ (ಗಿಡದ ಚೂರಿನಿಂದಲೇ ಬೆಳೆಸೋದು) ಮಾಡಿ ಸಸಿ ತೆಗೀಬೇಕು, ಅದು ಪ್ರಯೋಗಾಲಯದ ಕೆಲಸ. ಅಂದ್ರೆ ತಳಿ ಎಷ್ಟೇ ಚೆನ್ನಾಗಿದ್ರೂ ಪ್ರತಿ ಸಲ ಸಸಿಗೆ ಅವರ ಹತ್ರಾನೇ ಹೋಗ್ಬೇಕು. ಕರಡಿನಲ್ಲಿರೋ 8 ತಳಿಗಳಲ್ಲಿ ಎಷ್ಟು ಎಫ್1, ಎಷ್ಟು ಸ್ಥಿರ ತಳಿ (ಬೀಜದಿಂದಲೂ ಗುಣ ಉಳಿಯೋದು) ಅಂತ ಮೊದಲು ಕೇಳಿ.

ಜಾವಗಲ್ ಜಂಕ್ಷನ್
ಹೊರದೇಶದವರು ಇಲ್ಲೀವರೆಗೂ ಬರೋದು ಯಾಕೆ? ಅವರ ಹತ್ರ ಪ್ರಯೋಗಾಲಯ ಇಲ್ವಾ?

ವೈಟ್‌ಫೀಲ್ಡ್–ಹಾಸನ
ಇದೆ. ನೆಸ್ಲೆಯ ಸಸ್ಯ ಸಂಶೋಧನಾ ಕೇಂದ್ರ ಫ್ರಾನ್ಸಿನ ತೂರ್‌ನಲ್ಲಿದೆ. ಅಲ್ಲಿ ಟಿಶ್ಯೂ ಕಲ್ಚರ್ ಮಾಡಬಹುದು, ಕಾಫಿ ತೋಟ ಮಾಡೋಕಾಗಲ್ಲ. ಸ್ಟಾರ್‌ಬಕ್ಸ್ 2013ರಲ್ಲಿ ಕೋಸ್ಟರಿಕದಲ್ಲಿ ತೋಟವನ್ನೇ ಕೊಂಡ್ಕೊಂಡು ಅದನ್ನ ಸಂಶೋಧನೆಗೆ ಇಟ್ಕೊಂಡಿದೆ. ಆದ್ರೆ ಕೋಸ್ಟರಿಕದ ಎತ್ತರ, ಮಳೆ, ತುಕ್ಕಿನ ಬಗೆ ಬೇರೆ. ಅಲ್ಲಿ ಗೆದ್ದ ಗಿಡ ಇಲ್ಲಿ ಗೆಲ್ಲುತ್ತೆ ಅಂತಿಲ್ಲ.

ಕಂಪನಿಗಳು ಸಂಶೋಧನೆನ ದೇಶ-ದೇಶಕ್ಕೆ ಹಂಚೋದು ಎರಡು ಕಾರಣಕ್ಕೆ. ಒಂದು, ಮನೇಲಿ ಮಾಡಿದ್ದನ್ನ ಹೊರಗಿನ ಮಾರುಕಟ್ಟೆಗೆ ಹೊಂದಿಸೋಕೆ. ಇನ್ನೊಂದು, ಮನೇಲಿ ಸಿಗದ ಜ್ಞಾನ, ಜನ, ಹವೆ ಹೊರಗೆ ಹುಡುಕೋಕೆ. ಮೊದಲನೇದಕ್ಕೆ ಬಂದವರಿಗೆ ಪರೀಕ್ಷೆಯ ಜಾಗ ಸಾಕು. ಎರಡನೇದಕ್ಕೆ ಬಂದವರು ಇಲ್ಲೇ ಪ್ರಯೋಗಾಲಯ ಕಟ್ತಾರೆ, ವಿಜ್ಞಾನಿಗಳನ್ನ ತಗೋತಾರೆ. ಈ ಕರಡು ಮೊದಲನೇ ಜಾತಿದು.

ಸಾಫ್ಟ್‌ವೇರಿನಲ್ಲೂ ಇದೇ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗಿನಿಂದ ಹೊರದೇಶದ ಕಂಪನಿಗಳ ನೂರಾರು ಕೇಂದ್ರ ಆದ್ವು. ಬಹಳಷ್ಟು ಕೇಂದ್ರಗಳು ಕರಾರಿನ ಪ್ರಕಾರ ಸೇವೆ ಕೊಡೋ ಕಂಪನಿಗಳು: ಖರ್ಚಿನ ಮೇಲೆ ಇಷ್ಟು ಶೇಕಡಾ ಲಾಭ ಸೇರಿಸಿ ತಾಯಿ ಕಂಪನಿಗೆ ಬಿಲ್ ಹಾಕ್ತವೆ, ಪೇಟೆಂಟ್ ಅಲ್ಲೇ ಉಳಿಯುತ್ತೆ. ನೇರ ತೆರಿಗೆ ಮಂಡಳಿಯ 2013ರ 6ನೇ ಸುತ್ತೋಲೆ ಇದನ್ನೇ ಹೇಳೋದು. ಹಣ ಯಾರು ಹಾಕ್ತಾರೆ, ಮುಖ್ಯ ನಿರ್ಧಾರ ಯಾರು ತಗೋತಾರೆ, ಕೆಲಸದ ಮೇಲ್ವಿಚಾರಣೆ ಯಾರದ್ದು, ಫಲಿತಾಂಶದ ಹಕ್ಕು ಯಾರದ್ದು ಅಂತ ನೋಡಿ, ಇಲ್ಲಿನ ಕೇಂದ್ರ ನಷ್ಟದ ಹೊಣೆ ಇಲ್ಲದ ಗುತ್ತಿಗೆದಾರ ಹೌದೋ ಅಲ್ವೋ ತೀರ್ಮಾನ ಮಾಡ್ತಾರೆ.

ನಿಮ್ಮ ಕರಡನ್ನ ಆ ಕಣ್ಣಲ್ಲಿ ಓದಿ. ಬೆಂಗಳೂರಿನ ಕೇಂದ್ರಕ್ಕೆ ಕೆಲಸ ಕೆಟ್ರೂ ಖರ್ಚು ಮತ್ತು ಲಾಭ ಬರುತ್ತೆ. ನಿಮಗೆ ಬಾಡಿಗೆ ಮಾತ್ರ, ಫಸಲು ಕೆಟ್ರೆ ನಷ್ಟ ನಿಮ್ಮದೇ.

ಗಿರಿ ಗಾಳಿ
ಒಳ್ಳೆ ವಿವರಣೆ. ಆದ್ರೆ ದೊಡ್ಡ ಕೇಂದ್ರ ಬಂದ್ರೆ ಶಾಶ್ವತ ಅಂತಾನೂ ಅಲ್ಲ. ಅಸ್ಟ್ರಾಜೆನೆಕಾ ಬೆಂಗಳೂರಿನಲ್ಲಿ ಕ್ಷಯ, ಮಲೇರಿಯಾ ಔಷಧಿ ಸಂಶೋಧನೆ ನಡೆಸ್ತಿತ್ತು, 2014ರಲ್ಲಿ ಮುಚ್ಚಿತು. ತೀರ್ಮಾನ ಆಗೋದು ಕಂಪನಿಯ ತಲೆ ಎಲ್ಲಿರುತ್ತೋ ಅಲ್ಲಿ.

ವೈಟ್‌ಫೀಲ್ಡ್–ಹಾಸನ
ನಿಜ, ತೆರಿಗೆಯೂ ಅದರಲ್ಲಿ ಸೇರಿದೆ. ಅಮೆರಿಕದ ಕಂಪನಿ ಹೊರದೇಶದಲ್ಲಿ ಮಾಡಿದ ಸಂಶೋಧನೆ ಖರ್ಚನ್ನ 2022ರಿಂದ ತೆರಿಗೆ ಲೆಕ್ಕದಲ್ಲಿ 15 ವರ್ಷಕ್ಕೆ ಹರಡಿ ಕಳೀಬೇಕು. ಒಳಗೆ ಮಾಡಿದ್ದಕ್ಕೆ 5 ವರ್ಷ ಇತ್ತು, 2025ರ ಕಾನೂನು ಅದನ್ನ ಅದೇ ವರ್ಷ ಕಳೆಯೋ ಹಾಗೆ ಮಾಡಿತು. ಹೊರಗಿನದ್ದು 15ರಲ್ಲೇ ಉಳೀತು. ಇಂಥ ಒಂದು ಸಾಲು ಬದಲಾದ್ರೆ ಇಲ್ಲಿ ಐದನೇ ವರ್ಷದ ಪ್ಲಾಟಿಗೆ ದುಡ್ಡು ಬರದೇ ಹೋಗಬಹುದು. ಅದಕ್ಕೇ ಪೂರ್ತಿ ಅವಧಿಯ ಪರಿಹಾರಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳಿ.

ಸಕಲೇಶಪುರ ಸಾಲು
ಪ್ಲಾಟಿನ ಅಳತೆಗೆ ಬರೋಣ. 6×6 ಅಡಿಗೆ ಎಕರೆಗೆ ಸುಮಾರು 1,210 ಗಿಡ. 8 ತಳಿ, ನಾಲ್ಕು ಸಲ ಪುನರಾವರ್ತನೆ ಅಂದ್ರೆ 32 ತುಂಡು ಜಾಗ. ತುಂಡಿಗೆ 30 ಗಿಡ (5 ಸಾಲು, 6 ಗಿಡ) ಅಂದ್ರೆ 960. ಉಳಿದದ್ದು ಸುತ್ತಲಿನ ಕಾವಲು ಸಾಲು. ಇಲ್ಲಿವರೆಗೆ ಒಂದು ಎಕರೆ ಸರಿಹೋಗುತ್ತೆ.

ಆದ್ರೆ ಎಣಿಸಬೇಕಾದ್ದು ತುಂಡಿನ ಒಳಗಿನ 12 ಗಿಡ ಮಾತ್ರ (3 ಸಾಲು, 4 ಗಿಡ). ಅಂಚಿನ ಗಿಡಗಳನ್ನ ಸೇರಿಸಿದ್ರೆ ಲೆಕ್ಕ ಹಾಳು. ಪಕ್ಕದ ತುಂಡಲ್ಲಿ ಎತ್ತರದ ಎಸ್. 795 ಇದ್ದು ಇಲ್ಲಿ ಗಿಡ್ಡ ತಳಿ ಇದ್ರೆ, ಅಂಚಿನ ಗಿಡಕ್ಕೆ ಬಿಸಿಲು ಕಮ್ಮಿ, ಬೇರಿಗೆ ಪೈಪೋಟಿ. ತುಕ್ಕು ಹಿಡಿಯೋ ತಳಿ ಪಕ್ಕದಲ್ಲಿದ್ರೆ ಪುಡಿ ಹಾರಿ ಬಂದು ಇಲ್ಲಿ ಕೂರುತ್ತೆ. ಇಡೀ 30 ಗಿಡದ ಹಣ್ಣು ಒಟ್ಟಿಗೆ ಕೊಯ್ದು ಒಂದೇ ಚೀಲಕ್ಕೆ ಹಾಕಿದ್ರೆ ಅದು ಟ್ರಯಲ್ ಅಲ್ಲ, ಬರೀ ಕೊಯ್ಲು.

ಒಳಗಿನ 384 ಗಿಡಕ್ಕೆ ನಂಬರಿನ ತಗಡು ಕಟ್ಟಿ, ಪ್ರತಿ ಕೊಯ್ಲಲ್ಲೂ ತುಂಡಿಗೊಂದು ಚೀಲ, ತೂಕ ಅಲ್ಲೇ ಗಿಡದ ಬುಡದಲ್ಲಿ. 32 ಚೀಲ, ನಾಲ್ಕು ಸಲ ಕೊಯ್ಲು. ಒಬ್ಬ ರೈಟರಿಗೆ (ತೋಟದ ಲೆಕ್ಕ ಬರೆಯೋನಿಗೆ) ಅದೇ ಕೆಲಸ. ಆ ಸಂಬಳ ಕರಡಿನಲ್ಲಿ ಇದ್ಯಾ?

ಆಲ್ದೂರು ಅರೇಬಿಕಾ
ಇಲ್ಲ. 'ದೈನಂದಿನ ನಿರ್ವಹಣೆ ತೋಟದವರದ್ದು' ಅಂತ ಒಂದೇ ಸಾಲು. ಇನ್ನೊಂದು ಷರತ್ತಿದೆ, ಹೇಳೋದು ಮರೆತಿದ್ದೆ: 'ಎಲ್ಲಾ ದೇಶಗಳಲ್ಲೂ ಒಂದೇ ವಿಧಾನ ಇರಬೇಕಾದ್ದರಿಂದ ನೆರಳು ಶೇ. 20 ಮೀರಬಾರದು.'

ಮಲೆನಾಡ ಮರಗಸಿ
ಅಯ್ಯೋ ಮಾರಾಯ್ರೆ, ಅದೊಂದಕ್ಕೆ ಮಾತ್ರ ಒಪ್ಪಬೇಡಿ! ಅದು ಬಯಲಲ್ಲಿ ಕಾಫಿ ಬೆಳೆಯೋ ದೇಶದ ವಿಧಾನ. ನಮ್ಮಲ್ಲಿ ಅರೇಬಿಕಾದ ನೆರಳು ತೆಗೆದ್ರೆ ಬಿಳಿ ಕಾಂಡಕೊರಕಕ್ಕೆ ಔತಣ. ಅದರ ಹೆಣ್ಣು ದುಂಬಿ ಬಿಸಿಲು ಬೀಳೋ ಕಾಂಡವನ್ನೇ ಹುಡುಕಿ, ತೊಗಟೆಯ ಬಿರುಕಲ್ಲಿ ಮೊಟ್ಟೆ ಇಡೋದು. ಹುಳ ಒಳಗೆ ಹೊಕ್ಕ ಮೇಲೆ ಔಷಧಿ ತಾಗಲ್ಲ. ಕಾಂಡದ ಮೇಲೆ ಉಂಗುರದ ಥರ ಉಬ್ಬು ಕಂಡ್ರೆ ಗಿಡ ಕಿತ್ತು ಸುಡೋದೊಂದೇ ದಾರಿ.

ದುಂಬಿ ಹಾರೋದು ಏಪ್ರಿಲ್–ಮೇ ಒಂದು ಸಲ, ಅಕ್ಟೋಬರಿನಿಂದ ಡಿಸೆಂಬರ್ ಇನ್ನೊಂದು ಸಲ. ಅದಕ್ಕೂ ಮುಂಚೆ, ಮಾರ್ಚ್‌ನಲ್ಲೊಂದು, ಸೆಪ್ಟೆಂಬರಿನಲ್ಲೊಂದು ಟ್ರೇಸಿಂಗ್ (ಹುಳ ಹೊಕ್ಕ ಗಿಡ ಹುಡುಕೋದು) ಆಗಲೇಬೇಕು. ಸಡಿಲ ತೊಗಟೆ ಉಜ್ಜಿ ತೆಗೆದು, 200 ಲೀಟರ್ ನೀರಿಗೆ 20 ಕೆ.ಜಿ. ಸುಣ್ಣದ ತಿಳಿ ಮಾಡಿ, ಮುಖ್ಯ ಕಾಂಡಕ್ಕೂ ದಪ್ಪ ಕೊಂಬೆಗೂ ಹೊಡೀಬೇಕು. ಪ್ಲಾಟಿನ ಒಂದು ಎಕರೆ ಕೊರಕದ ಗೂಡಾದ್ರೆ ಪಕ್ಕದ ಹತ್ತು ಎಕರೆಗೂ ಹಾರುತ್ತೆ. ಬಾಡಿಗೆ ಒಂದು ಎಕರೆಗೆ, ನಷ್ಟ ಹನ್ನೊಂದು ಎಕರೆಗೆ.

ನೆರಳಿನ ಸಿಲ್ವರ್ ಓಕ್ ಮರ ಕಡಿದ್ರೆ ಮತ್ತೆ ಎತ್ತರಕ್ಕೆ ಬರೋಕೆ ಎಷ್ಟು ವರ್ಷ ಬೇಕು ಅಂತ ಹೊರದೇಶದಲ್ಲಿ ಕೂತವರಿಗೆ ಗೊತ್ತಿರಲ್ಲ. ಹಾಲುವಾಣ ಬೇಗ ಚಿಗುರುತ್ತೆ, ಕಾಡುಮರ ಅಷ್ಟು ಬೇಗ ಬರಲ್ಲ.

ಬಾಳೆಹೊನ್ನೂರು ದಾರಿ
ಮರಗಸಿಯವರು ಹೇಳಿದ್ದು ಅಕ್ಷರಶಃ ಸರಿ. ಇಲ್ಲಿನ ನೆರಳಲ್ಲಿ ಗಿಡ ಹೇಗೆ ಇರುತ್ತೆ ಅಂತ ನೋಡದ ಟ್ರಯಲ್‌ನಿಂದ ಕಂಪನಿಗೂ ಉಪಯೋಗ ಇಲ್ಲ. ನಾಲ್ಕು ಪುನರಾವರ್ತನೆಯನ್ನ ಎರಡು ಎರಡು ಬ್ಲಾಕ್ ಮಾಡಿ: ಎರಡು ನಮ್ಮ ಮಾಮೂಲಿ ನೆರಳಲ್ಲಿ, ಎರಡು ಸ್ವಲ್ಪ ತೆಳು ನೆರಳಲ್ಲಿ. ಎಂಟರಲ್ಲಿ ಒಂದು ತಳಿ ಎಸ್. 795, ಇನ್ನೊಂದು ಚಂದ್ರಗಿರಿ ಇರಲೇಬೇಕು. ಹೋಲಿಸೋಕೆ ನಮ್ಮ ಗಿಡ ಇಲ್ಲದಿದ್ರೆ ಅಂಕಿ ಇಟ್ಕೊಂಡು ಏನು ಮಾಡ್ತೀರಿ?

ಕಾಗದ ಪತ್ರ
ಈಗ ಕಾನೂನು. ಹುಷಾರಾಗಿ ಓದಿ.

ಹೊರದೇಶದ ಕಂಪನಿ, ಅಥವಾ ಇಲ್ಲೇ ನೋಂದಣಿಯಾಗಿದ್ರೂ ಹೊರದೇಶದವರ ಹಿಡಿತದಲ್ಲಿರೋ ಕಂಪನಿ, ಇಲ್ಲಿನ ಜೈವಿಕ ಸಂಪನ್ಮೂಲವನ್ನ ಸಂಶೋಧನೆಗೆ ತಗೋಬೇಕಂದ್ರೆ ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಚೆನ್ನೈನಲ್ಲಿರೋ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಬೇಕು. 2023ರಲ್ಲಿ ತಿದ್ದುಪಡಿ ಆಗಿ 1-4-2024ರಿಂದ ಜಾರಿಗೆ ಬಂದಿದೆ. ಉಲ್ಲಂಘನೆಗೆ ಮುಂಚೆ ಜೈಲಿತ್ತು, ಈಗ 1 ಲಕ್ಷದಿಂದ 50 ಲಕ್ಷದವರೆಗೆ ದಂಡ. ಇಲ್ಲಿನ ಸಂಶೋಧನೆಯ ಫಲಿತಾಂಶ ಹೊರಗೆ ಕೊಡೋಕೂ ಅನುಮತಿ, ಅದರ ಮೇಲೆ ಪೇಟೆಂಟ್ ಪಡೆಯೋಕೂ ಅನುಮತಿ. ಮೂರೂ ಬೇರೆ ಬೇರೆ ಅರ್ಜಿ. ಒಂದಿದ್ರೆ ಮೂರಿದ್ದ ಹಾಗಲ್ಲ.

ಅನುಮತಿ ಕೊಡೋ ಮುಂಚೆ ಪ್ರಾಧಿಕಾರ ನಿಮ್ಮ ಗ್ರಾಮ ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನ ಕೇಳಬೇಕು. ಪಂಚಾಯ್ತಿಗೆ ಹೋಗಿ ಅಂಥ ಪತ್ರ ಬಂದಿದೆಯಾ ನೋಡಿ. ಕರಡಿನಲ್ಲಿ ಪ್ರಾಧಿಕಾರದ ಅನುಮತಿ ಸಂಖ್ಯೆ, ದಿನಾಂಕ ಇಲ್ಲದಿದ್ರೆ ಒಂದು ಎಲೆಯನ್ನೂ ಗೇಟಿನಾಚೆ ಬಿಡಬೇಡಿ.

ಜಾವಗಲ್ ಜಂಕ್ಷನ್
ಹುಳಿಸೋ ತೊಟ್ಟಿಯ ನೀರಿಗೂ ಬೇಕಾ? ಅದನ್ನ ಹೇಗೂ ಹೊರಗೆ ಚೆಲ್ತೀವಲ್ಲ.

ಕಾಗದ ಪತ್ರ
ಬೇಕು. ಸೂಕ್ಷ್ಮಜೀವಿಗಳೂ ಕಾಯ್ದೆಯಲ್ಲಿ ಜೈವಿಕ ಸಂಪನ್ಮೂಲವೇ. ಪಲ್ಪರ್ ಯಂತ್ರದಲ್ಲಿ ಹಣ್ಣಿನ ಸಿಪ್ಪೆ ತೆಗೆದ ಮೇಲೆ ಲೋಳೆ ಕರಗಿಸೋದು ತೊಟ್ಟಿಯಲ್ಲಿರೋ ಯೀಸ್ಟ್, ಬ್ಯಾಕ್ಟೀರಿಯಾ. ಆ ನೀರಿನ ಒಂದು ಸಣ್ಣ ಟ್ಯೂಬಿನಿಂದ ಒಂದು ಯೀಸ್ಟನ್ನ ಬೇರ್ಪಡಿಸಿ, ಬೆಳೆಸಿ, ರುಚಿ ಕೊಡೋ ಹುಳಿಸುವ ಪುಡಿ ಅಂತ ಮಾರಬಹುದು. ಪ್ರಕೃತಿಯಲ್ಲಿರೋ ಜೀವಿಯನ್ನ ಹಾಗೇ ಪೇಟೆಂಟ್ ಮಾಡೋಕೆ ಇಲ್ಲಿ ಬರಲ್ಲ, ಆದ್ರೆ ಅದನ್ನ ಬಳಸೋ ವಿಧಾನಕ್ಕೆ ಬರುತ್ತೆ. ಇಲ್ಲಿ ಪೇಟೆಂಟ್ ಅರ್ಜಿ ಹಾಕೋರು ಜೈವಿಕ ವಸ್ತು ಎಲ್ಲಿಂದ ಬಂತು ಅಂತ ಬರೆಯಲೇಬೇಕು. ನಿಮ್ಮ ಹತ್ರ ಮಾದರಿ ಕೊಟ್ಟ ರಸೀದಿ ಇದ್ರೆ ಆವಾಗ ಕೆಲಸಕ್ಕೆ ಬರುತ್ತೆ. ರಸೀದಿಯಲ್ಲಿ ದಿನಾಂಕ, ತೊಟ್ಟಿ ನಂಬರ್, ಎಷ್ಟು ಮಿಲಿ, ಯಾವ ಉದ್ದೇಶಕ್ಕೆ, ಯಾರ ಸಹಿ, ಇಷ್ಟೂ ಇರಲಿ.

ಕಳಸ ಕಣಿವೆ
ಇನ್ನೊಂದು ಬಾಗಿಲು ತೆರೆದೇ ಇದೆ ಸರ್. ಎಳೆ ಎಲೆಯ ನಾಲ್ಕೈದು ಬಿಲ್ಲೆ ಸಿಲಿಕಾ ಜೆಲ್‌ನಲ್ಲಿ ಒಣಗಿಸಿದ್ರೆ ಡಿಎನ್‌ಎ ತೆಗೆಯೋಕೆ ಸಾಕು. ಅದರ ಅನುಕ್ರಮ (ಡಿಎನ್‌ಎ ಅಕ್ಷರಗಳ ಸಾಲು) ಓದಿಸಿ ಫೈಲ್ ಮಾಡಿದ್ರೆ ಆಮೇಲೆ ಎಲೆ ಬೇಡ, ಗಿಡ ಬೇಡ, ಇಮೇಲ್ ಸಾಕು. ರೋಬಸ್ಟಾದ ಜೀನೋಮ್ (ಪೂರ್ತಿ ಡಿಎನ್‌ಎ) 2014ರಲ್ಲಿ ಪ್ರಕಟ ಆಯ್ತು, ಅರೇಬಿಕಾದ್ದು 2024ರಲ್ಲಿ, ಅದರಲ್ಲಿ ನೆಸ್ಲೆಯ ವಿಜ್ಞಾನಿಗಳೂ ಇದ್ದರು. ಇಂಥ ಡಿಜಿಟಲ್ ಮಾಹಿತಿಯಿಂದ ಲಾಭ ಮಾಡೋ ದೊಡ್ಡ ಕಂಪನಿಗಳು ಲಾಭದ ಶೇ. 1 ಅಥವಾ ವಹಿವಾಟಿನ ಶೇ. 0.1 ಕೊಡಲಿ ಅಂತ 2025ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ಜೀವವೈವಿಧ್ಯ ಒಪ್ಪಂದದಡಿ 'ಕಾಲಿ ನಿಧಿ' ಅಂತ ಶುರುವಾಗಿದೆ. ಕೊಡಲೇಬೇಕು ಅಂತ ಕಡ್ಡಾಯ ಇಲ್ಲ. ಹಾಗಾಗಿ ಕರಾರಿನಲ್ಲೇ ಬರೆಸಿ: 'ಮಾದರಿ ಅಂದರೆ ವಸ್ತು ಮಾತ್ರವಲ್ಲ, ಅದರಿಂದ ಪಡೆದ ಅನುಕ್ರಮದ ಮಾಹಿತಿಯೂ ಸೇರಿದೆ.'

ಆಲೂಗಡ್ಡೆ ಹೊಲ
ಹಾಸನದ ಆಲೂಗಡ್ಡೆಯವರು ಇದನ್ನ ಓದ್ಬೇಕು. ಅಮೆರಿಕದಲ್ಲಿ ಚಿಪ್ಸಿಗೆ ಅಂತ ಮಾಡಿದ ಎಫ್ಎಲ್ 2027 ತಳಿ ವಿಚಾರದಲ್ಲಿ 2019ರಲ್ಲಿ ಗುಜರಾತಿನ ರೈತರ ಮೇಲೆ ಪೆಪ್ಸಿಕೋ ದಾವೆ ಹಾಕಿ, ಮೇ ತಿಂಗಳಲ್ಲಿ ವಾಪಸ್ ತಗೊಂಡಿತು. ಸಸ್ಯ ತಳಿ ಸಂರಕ್ಷಣೆ ಕಾಯ್ದೆಯ 39ನೇ ಕಲಂ ಪ್ರಕಾರ ರೈತ ಬೀಜ ಉಳಿಸಿ, ಬಿತ್ತಿ, ಹಂಚಿ, ಮಾರಬಹುದು, ಬ್ರ್ಯಾಂಡ್ ಹಾಕಿ ಮಾತ್ರ ಮಾರಬಾರದು. 2021ರಲ್ಲಿ ಆ ತಳಿಯ ನೋಂದಣಿಯೇ ರದ್ದಾಯ್ತು.

ಕಾಗದ ಪತ್ರ
ಅರ್ಧ ಕಥೆ ಅದು ಗೌಡ್ರೆ. 2023ರ ಜುಲೈಯಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ರದ್ದತಿ ಎತ್ತಿ ಹಿಡೀತು, 2024ರ ಜನವರಿಯಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನೇ ತಳ್ಳಿಹಾಕಿತು. 39ನೇ ಕಲಂ ಹಾಗೇ ಇದೆ. ಆದ್ರೆ ನೀವು ಸಹಿ ಹಾಕಿದ ಕರಾರಿನಲ್ಲಿ 'ಬೀಜ ಉಳಿಸಲ್ಲ' ಅಂತಿದ್ರೆ ಅವರು ಬರೋದು ಕರಾರು ಮುರಿದ್ರಿ ಅನ್ನೋ ದಾರಿಯಲ್ಲಿ. ಅದಕ್ಕೇ 'ಈ ಕರಾರಿನ ಯಾವ ಷರತ್ತೂ 39ನೇ ಕಲಮಿನ ಹಕ್ಕನ್ನು ಮೊಟಕುಗೊಳಿಸುವುದಿಲ್ಲ' ಅನ್ನೋ ಸಾಲು ಸೇರಿಸಿ.

ಮಲ್ನಾಡ್ ಕಾಲೇಜು ರಸ್ತೆ
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ. 1982ರಿಂದ ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ, ಇಂಜಿನಿಯರಿಂಗ್ ಕಾಲೇಜುಗಳಿವೆ. ಬೆಂಗಳೂರಿನಾಚೆಗೂ ಹೊರದೇಶದ ಕಂಪನಿಗಳ ಕೇಂದ್ರ ತರೋಕೆ ರಾಜ್ಯ ಸರ್ಕಾರ 2024ರಲ್ಲಿ ನೀತಿಯನ್ನೂ ತಂದಿದೆ. ಎಲೆ ಕಳಿಸೋ ಬದಲು ಪ್ರಯೋಗಾಲಯವನ್ನೇ ಇಲ್ಲಿಗೆ ತನ್ನಿ ಅಂತ ಯಾಕೆ ಕೇಳಬಾರದು?

ವೈಟ್‌ಫೀಲ್ಡ್–ಹಾಸನ
ಕೇಳಬಹುದು, ಆದ್ರೆ ಯಾವ ಪ್ರಯೋಗಾಲಯ ಅಂತ ಸರಿಯಾಗಿ ಹೇಳಬೇಕು. ಜೀನೋಮ್ ಯಂತ್ರ ಇಲ್ಲಿ ಇಟ್ರೆ ದುಡ್ಡು ದಂಡ, ಆ ಕೆಲಸ ಬೆಂಗಳೂರಲ್ಲಿ ಕೂಲಿಗೆ ಆಗುತ್ತೆ. ಇಲ್ಲೇ ಇರಬೇಕಾದ್ದು ಹಣ್ಣು ಕೊಯ್ದ ಅದೇ ದಿನ ಆಗಬೇಕಾದ ಕೆಲಸ: ಪಲ್ಪಿಂಗ್, ಹುಳಿಸೋದು, ಒಣಗಿಸೋದು, ಹುರಿದು ರುಚಿ ನೋಡೋದು. ಅದನ್ನ ದೂರಕ್ಕೆ ಸಾಗಿಸೋಕೆ ಬರಲ್ಲ, ಹಣ್ಣು ಚೀಲದಲ್ಲೇ ಬಿಸಿಯಾಗಿ ಕೆಡುತ್ತೆ. ಆ ಘಟಕ ತೋಟದ ಹತ್ರ ಕಟ್ಟಿ, ಟ್ರಯಲ್ ಮುಗಿದ ಮೇಲೂ ಉಳಿಸಿ ಅಂತ ಕೇಳಿದ್ರೆ ಒಪ್ಪೋ ಸಾಧ್ಯತೆ ಇದೆ.

ಬಾಳೆಹೊನ್ನೂರು ದಾರಿ
ಗಿಡ ಎಲ್ಲಿಂದ ಬರುತ್ತೆ ಅಂತ ಯಾರೂ ಕೇಳಲಿಲ್ಲ. ಹೊರಗಿನ ಕಾಫಿ ಗಿಡ, ಬೀಜಕ್ಕೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಬೇಕು. ಆಫ್ರಿಕಾದಲ್ಲಿ ಕಾಫಿ ಕಾಯಿ ರೋಗ ಇದೆ, ಹಸಿರು ಕಾಯಿಯನ್ನೇ ಕಪ್ಪು ಮಾಡಿ ಉದುರಿಸುತ್ತೆ. ನಮ್ಮಲ್ಲಿ ಅದಿಲ್ಲ. ಯಾರದೋ ಸೂಟ್‌ಕೇಸಲ್ಲಿ ಬಂದ ಬೀಜದಿಂದ ಅದು ಒಳಗೆ ಬಂದ್ರೆ ಮೂರು ಜಿಲ್ಲೆಯ ಅರೇಬಿಕಾ ಹೋಗುತ್ತೆ. ಪರವಾನಗಿಯ ಪ್ರತಿ ಕೈಗೆ ಬಾರದೆ ಗುಂಡಿ ತೋಡಿಸ್ಬೇಡಿ.

ಆಲ್ದೂರು ಅರೇಬಿಕಾ
ಎಲ್ಲರಿಗೂ ಧನ್ಯವಾದ. ವಾಪಸ್ ಕಳಿಸೋ ಕರಡಲ್ಲಿ ಇಷ್ಟು ಸೇರಿಸ್ತಿದ್ದೀನಿ: ಅವಧಿ 7 ವರ್ಷ. ಎಸ್. 795, ಚಂದ್ರಗಿರಿ ಎರಡೂ ಹೋಲಿಕೆಗೆ. ಎರಡು ಬ್ಲಾಕ್ ಮಾಮೂಲಿ ನೆರಳಲ್ಲಿ. ರೈಟರಿನ ಸಂಬಳ ಅವರದ್ದು. ಪರಿಹಾರ ರೂಪಾಯಿ ಲೆಕ್ಕದಲ್ಲಲ್ಲ, ಹಿಂದಿನ ನಾಲ್ಕು ಫಸಲಿನ ಸರಾಸರಿ ಕಿಲೋ, ದರ ಆ ವರ್ಷದ್ದು. ಅಂಕಿಗಳ ಒಂದು ಪ್ರತಿ ಪ್ರತಿ ಕೊಯ್ಲಾದ ಮೇಲೆ ತೋಟಕ್ಕೆ. ಮಾದರಿಗೆ ರಸೀದಿ. ಪ್ರಾಧಿಕಾರದ ಅನುಮತಿ ಸಂಖ್ಯೆ ಮೊದಲ ಪುಟದಲ್ಲಿ. ಅನುಕ್ರಮದ ಸಾಲು, 39ನೇ ಕಲಮಿನ ಸಾಲು, ಬ್ಯಾಂಕ್ ಗ್ಯಾರಂಟಿ.

ಹೇಮಾವತಿ ದಡ
ಇಷ್ಟಕ್ಕೆ ಒಪ್ಪಿದ್ರೆ ನನ್ನ ತಕರಾರಿಲ್ಲ. ಗಿಡ ಸುಡೋ ಷರತ್ತು?

ಆಲ್ದೂರು ಅರೇಬಿಕಾ
ಸ್ಥಿರ ತಳಿಗಳು ಉಳಿಯಬೇಕು, ಎಫ್1 ಬೇಕಾದ್ರೆ ಕೀಳಲಿ ಅಂತ ಕೇಳ್ತಿದ್ದೀನಿ.

ಮಲೆನಾಡ ಮರಗಸಿ
ಕೀಳೋ ಕೂಲಿ, ಆ ಗುಂಡಿಗೆ ಮತ್ತೆ ಸಸಿ ಹಾಕೋ ಖರ್ಚು, ಅದು ಫಸಲಿಗೆ ಬರೋವರೆಗಿನ ಮೂರು ವರ್ಷ, ಇದನ್ನೂ ಸೇರಿಸಿ ಅಣ್ಣ. ಸೆಪ್ಟೆಂಬರ್ ಟ್ರೇಸಿಂಗ್ ಯಾರ ಆಳು ಮಾಡ್ಬೇಕು ಅಂತಲೂ ಬರೆಸಿ. ಮಳೆ ಬಿಡುವು ಕೊಟ್ಟ ಆ ಹದಿನೈದು ದಿನದಲ್ಲಿ ಎಲ್ಲಾ ತೋಟಕ್ಕೂ ಒಟ್ಟಿಗೆ ಆಳು ಬೇಕಾಗುತ್ತೆ, ಸಿಗಲ್ಲ.